ಅಲುಗಿಸಿ ನೋಡದ ವರ್ಮ್‌ಹೋಲ್

2022ರ ನವೆಂಬರ್ ಕೊನೆಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ಸುದ್ದಿಮನೆಗಳನ್ನು ಕುಣಿಸಿತು. ದಾಟಿ ಹೋಗಬಲ್ಲ ವರ್ಮ್‌ಹೋಲ್‌ನ ನಡವಳಿಕೆ ಗೂಗಲ್‌ನ ಸಿಕಮೋರ್ ಕ್ವಾಂಟಂ ಚಿಪ್‌ನ ಒಂಬತ್ತು ಕ್ಯೂಬಿಟ್‌ಗಳಲ್ಲಿ ಕಂಡಿದೆ ಎಂಬುದು ಅದರ ಸಾರ. ವರದಿಗಳಲ್ಲಿ ಅದು ವರ್ಮ್‌ಹೋಲನ್ನೇ ಸೃಷ್ಟಿಸಿದ ಕಥೆಯಾಯಿತು. ಲೇಖಕರಲ್ಲೊಬ್ಬರು ಡೇನಿಯಲ್ ಜಾಫೆರಿಸ್. ಅವರೇ ಪಿಂಗ್ ಗಾವೊ, ಆರನ್ ವಾಲ್ ಅವರೊಂದಿಗೆ 2016ರಲ್ಲಿ ಬರೆದ ಪ್ರಬಂಧವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೊಸದರ ಬಡತನ ಎದ್ದು ಕಾಣುತ್ತದೆ.

1935ರಲ್ಲಿ ಐನ್‌ಸ್ಟೈನ್ ಮತ್ತು ರೋಸನ್ ಬರೆದಿಟ್ಟ ಸೇತುವೆ, ಅಂದರೆ ದೇಶಕಾಲದ ಎರಡು ಕಡೆಗಳನ್ನು ಬೆಸೆಯುವ ವರ್ಮ್‌ಹೋಲ್, ನಿಲ್ಲುವಂಥದ್ದಲ್ಲ. ಬೆಳಕು ದಾಟುವ ಮೊದಲೇ ಅದು ಕಿವುಚಿ ಮುಚ್ಚಿಕೊಳ್ಳುತ್ತದೆಂದು ಫುಲ್ಲರ್ ಮತ್ತು ವೀಲರ್ 1962ರಲ್ಲಿ ತೋರಿಸಿದರು. ತೆರೆದಿಡಲು ಋಣ ಶಕ್ತಿ ಬೇಕೆಂದು 1988ರಲ್ಲಿ ಮಾರಿಸ್ ಮತ್ತು ಥಾರ್ನ್ ಹೇಳಿದರು. ಅದನ್ನು ಎಲ್ಲಿಂದ ತರುವುದು? 2016ರ ಪ್ರಬಂಧದ ಸೊಗಸು ಇರುವುದು ಇಲ್ಲಿ. ಹೊಲೊಗ್ರಫಿಯ ಪ್ರಕಾರ ಒಳಗಿನ ದೇಶಕಾಲಕ್ಕೂ ಅದರ ಅಂಚಿನ ಕ್ವಾಂಟಂ ವ್ಯವಸ್ಥೆಗೂ ಒಂದೇ ಲೆಕ್ಕ. ಪರಸ್ಪರ ಹೆಣೆದುಕೊಂಡ ಎರಡು ಅಂಚುಗಳನ್ನು ಕ್ಷಣಕಾಲ ನೇರವಾಗಿ ಜೋಡಿಸಿದರೆ ಒಳಗೆ ಋಣ ಶಕ್ತಿ ಹುಟ್ಟುತ್ತದೆ, ದಾರಿ ಸ್ವಲ್ಪ ಹೊತ್ತು ತೆರೆಯುತ್ತದೆ. ಆದರೆ ಹೊರಗಿನ ಆ ಜೋಡಣೆಯಿಲ್ಲದೆ ಏನೂ ದಾಟದು. ಹಾಗಾಗಿ ಬೆಳಕಿಗಿಂತ ಬೇಗ ತಲುಪುವ ಅಡ್ಡದಾರಿಯ ಆಸೆ ಬಿಡಬೇಕು. ಬೆಲೆಯನ್ನು ಮುಚ್ಚಿಡದ ಈ ಪ್ರಾಮಾಣಿಕತೆಯೇ ನನಗೆ ಅದರ ದೊಡ್ಡ ಗುಣ. 2018ರಲ್ಲಿ ಮಾಲ್ಡಸೇನ ಮತ್ತು ಚಿ ಅವರು ಜೋಡಣೆಯನ್ನು ಸದಾ ಇಟ್ಟುಕೊಂಡು, ತಣ್ಣಗಿರುವಷ್ಟು ಹೊತ್ತೂ ನಿಲ್ಲುವ ವರ್ಮ್‌ಹೋಲನ್ನು ಲೆಕ್ಕದಲ್ಲಿ ಕಟ್ಟಿದರು. ಬಿಸಿ ಒಂದು ಮಿತಿ ಮೀರಿತೋ, ಅದು ಎರಡು ಬೇರೆ ಬೇರೆ ಕಪ್ಪುಕುಳಿಗಳಾಗಿ ಒಡೆಯುತ್ತದೆ.

ಸ್ಥಿರತೆಯೆಂದರೆ ಅಲುಗಿಸಿದಾಗ ಏನಾಗುತ್ತದೆ ಎಂಬ ಪ್ರಶ್ನೆ. ನಮ್ಮ ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಶ್ವಾರ್ಟ್ಸ್‌ಶಿಲ್ಡ್ ಕಪ್ಪುಕುಳಿಗೆ ಈ ಪ್ರಶ್ನೆ ಹಾಕಿ, ಅದು ತಡೆದುಕೊಳ್ಳುತ್ತದೆಂದು 1970ರಲ್ಲಿ ತೋರಿಸಿದ್ದರು.

ಸಿಕಮೋರ್ ಮಾದರಿಯನ್ನು ಹೀಗೆ ಅಲುಗಿಸಿದವರು ಕೊಬ್ರಿನ್, ಶುಸ್ಟರ್ ಮತ್ತು ಯಾವೊ, 2023ರಲ್ಲಿ. ಹೊಲೊಗ್ರಫಿಯ ಮೂಲ ಮಾದರಿಯ 210 ಪದಗಳ ಸಮೀಕರಣವನ್ನು ಚಿಪ್‌ನಲ್ಲಿ ಹಿಡಿಸಲು ಯಂತ್ರಕಲಿಕೆಯಿಂದ ಐದೇ ಪದಗಳಿಗೆ ಇಳಿಸಲಾಗಿತ್ತು. ಆ ಐದೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಯಾವುದನ್ನು ಮೊದಲು ಪ್ರಯೋಗಿಸಿದರೂ ಫಲ ಒಂದೇ. ಇಂಥ ವ್ಯವಸ್ಥೆ ಗೊಂದಲಕ್ಕೆ ಬೀಳುವುದಿಲ್ಲ, ಉಷ್ಣ ಸಮತೋಲನಕ್ಕೂ ಬರುವುದಿಲ್ಲ. ಕಪ್ಪುಕುಳಿಯ ಲಕ್ಷಣವೇ ಆ ಗೊಂದಲ. ಇನ್ನೂ ಕೆಡುಕಿನ ಮಾತೆಂದರೆ, ತರಬೇತಿಗೆ ಬಳಸಿದ ಸಂಕೇತಗಳನ್ನು ಬಿಟ್ಟು ಬೇರೆಯದನ್ನು ಕಳಿಸಿದರೆ ಮೂಲ ಮಾದರಿಯ ಹೋಲಿಕೆ ಉಳಿಯುವುದಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯ ಅಂಕಪಟ್ಟಿ ಇದು.

ಮೂಲ ಲೇಖಕರು ಉತ್ತರ ಕೊಟ್ಟರು, ತಮ್ಮ ವ್ಯಾಖ್ಯಾನವನ್ನು ಬಿಡಲಿಲ್ಲ. ನನಗೆ ಅದು ಸಾಲದು. ಹೊಲೊಗ್ರಫಿಯಲ್ಲಿ ದೇಶಕಾಲದ ಚಿತ್ರ ಮೂಡುವುದು ಕಣಗಳ ಸಂಖ್ಯೆ ಬಹು ದೊಡ್ಡದಾದಾಗ. ಇಲ್ಲಿ ಒಂದೊಂದು ಬದಿಗೆ ಏಳೇ ಫರ್ಮಿಯಾನ್‌ಗಳು. ಒಂಬತ್ತು ಕ್ಯೂಬಿಟ್‌ಗಳ ಲೆಕ್ಕವನ್ನಂತೂ ಸಾಮಾನ್ಯ ಲ್ಯಾಪ್‌ಟಾಪ್ ಕೂಡ ಮಾಡಿ ಮುಗಿಸುತ್ತದೆ. 164 ಎರಡು-ಕ್ಯೂಬಿಟ್ ಗೇಟ್‌ಗಳನ್ನು ಸದ್ದುಗದ್ದಲದ ನಡುವೆ ದಾಟಿಸಿ ಸಂಕೇತವನ್ನು ಉಳಿಸಿಕೊಂಡದ್ದು ಎಂಜಿನಿಯರುಗಳ ಗೆಲುವು, ಮೆಚ್ಚಬೇಕಾದದ್ದೇ. ಒಂದು ಬದಿಯಿಂದ ಇನ್ನೊಂದಕ್ಕೆ ಸಂಕೇತ ಸಾಗಿಸುವ ಈ ಕೆಲಸವನ್ನು ಶೀರ್ಷಿಕೆಯಲ್ಲಿ ‘ಕ್ವಾಂಟಂ ಟೆಲಿಪೋರ್ಟೇಶನ್’ ಎಂದಷ್ಟೇ ಕರೆದಿದ್ದರೆ ತಕರಾರೆತ್ತುವವರು ಯಾರೂ ಇರುತ್ತಿರಲಿಲ್ಲ. ಪ್ರಾಯಶಃ ಓದುವವರೂ.