ಬೆಟ್ಟದ ಊರು, ಹಿರಿಯರ ಮನೆ: ಕುಪ್ಪಳಿ ಮತ್ತು ಕೈಲಾಂಚದ ನಡುವೆ ಒಂದು ಓದು

ಆಧುನಿಕ ಕನ್ನಡ ಸಾಹಿತ್ಯದ ಚರ್ಚೆಯಲ್ಲಿ ‘ಹಿರಿಯರ ಮನೆ’ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮಲೆನಾಡಿನ ತೊಟ್ಟಿಮನೆ. ಹೆಬ್ಬಾಗಿಲು, ಜಗಲಿ, ಕೆತ್ತನೆಯ ಕಂಬ, ಹಿಂದೆ ಅಡಕೆತೋಟ, ಅದರಾಚೆ ಕಾಡು. ಈ ಚಿತ್ರ ನಮ್ಮ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕುವೆಂಪು ಅವರ ಬರವಣಿಗೆಯೇ ಮುಖ್ಯ ಕಾರಣ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಚಿತ್ರವನ್ನು ನಾವು ಅವರ ಕೃತಿಗಳಿಂದ ಎಷ್ಟು ಪಡೆದೆವು, ಅವರ ಮನೆಯನ್ನು ನೋಡಿಬಂದ ನೆನಪಿನಿಂದ ಎಷ್ಟು ಪಡೆದೆವು ಎಂಬ ಪ್ರಶ್ನೆಯನ್ನು ಕೇಳಿಕೊಂಡದ್ದು ಕಡಿಮೆ. ಪ್ರಸ್ತುತ ಲೇಖನ ಆ ಪ್ರಶ್ನೆಯನ್ನು ಕೈಲಾಂಚದ ಕಡೆಯಿಂದ, ಎಂದರೆ ರಾಮನಗರದ ಕಲ್ಲುಬೆಟ್ಟಗಳ ಕಡೆಯಿಂದ, ಕೇಳುವ ಪ್ರಯತ್ನ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆ ಇಂದು ‘ಕವಿಮನೆ’. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದ ಉಸ್ತುವಾರಿಯಲ್ಲಿ ಅದು ಸಂಗ್ರಹಾಲಯವಾಗಿದೆ. ಮನೆಯ ಪಾತ್ರೆ ಪಡಗ, ಬೇಸಾಯದ ಸಲಕರಣೆ, ಕವಿಯ ಉಡುಗೆ, ಪುಸ್ತಕ, ಮದುವೆಯ ಮಂಟಪ ಎಲ್ಲವೂ ಅಲ್ಲಿವೆ. ಸಮೀಪದ ಗುಡ್ಡದ ಮೇಲೆ ಕವಿಶೈಲ. ಬಂಡೆಯಲ್ಲಿ ಕೆತ್ತಿದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರುಗಳು. 1994ರ ನವೆಂಬರಿನಲ್ಲಿ ತೀರಿಕೊಂಡ ಕವಿಯ ಸಮಾಧಿ. ಸುತ್ತಲೂ ನಿಲ್ಲಿಸಿದ ಹೆಗ್ಗಲ್ಲುಗಳು. 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದಾಗ ನಾಡೇ ಮರುಗಿತು. ಒಬ್ಬ ಲೇಖಕನ ಹಿರಿಯರ ಮನೆಯನ್ನು ಇಷ್ಟು ಅಕ್ಕರೆಯಿಂದ ಕಾಪಾಡಿಕೊಂಡ ನಿದರ್ಶನ ಕನ್ನಡದಲ್ಲಿ ವಿರಳ. ಅದನ್ನು ಗೌರವದಿಂದಲೇ ನೆನೆಯಬೇಕು.

ಆದರೂ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕಾಗುತ್ತದೆ. ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಲ್ಲ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿ ಸೀತಮ್ಮನವರ ತವರಾದ ಹಿರೇಕೊಡಿಗೆಯಲ್ಲಿ, ಕೊಪ್ಪ ತಾಲ್ಲೂಕಿನಲ್ಲಿ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ನಮ್ಮ ನಾಡಿನ ವಾಡಿಕೆ, ಅದರಲ್ಲಿ ವಿಶೇಷವಿಲ್ಲ. ವಿಶೇಷವಿರುವುದು, ‘ಪೂರ್ವಿಕರ ಪರಂಪರೆ’ ಎಂಬ ಮಾತನ್ನು ನಾವು ಬಳಸಿದ ಕೂಡಲೇ ತಂದೆಯ ಮನೆಯೊಂದೇ ಉಳಿದು ತಾಯಿಯ ಮನೆ ಅಡಿಟಿಪ್ಪಣಿಯಾಗುವುದರಲ್ಲಿ. ಮನೆಯೆಂಬುದು ಗಂಡಿಗೆ ಉಳಿಯುವ ಜಾಗ, ಹೆಣ್ಣಿಗೆ ಬಿಟ್ಟುಹೊರಡುವ ಜಾಗ. ತನ್ನ ಮಹಾಕಾದಂಬರಿಗೆ ‘ಮಲೆಗಳಲ್ಲಿ ಮದುಮಗಳು’ ಎಂದು ಹೆಸರಿಟ್ಟ ಲೇಖಕನಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ.

1936ರಲ್ಲಿ ಪ್ರಕಟವಾದ ‘ಕಾನೂರು ಹೆಗ್ಗಡಿತಿ’ಯನ್ನು ಮನೆಯ ಕಾದಂಬರಿ ಎಂದು ಕರೆಯಬಹುದು. ಅಲ್ಲಿ ಮನೆಯೇ ಅಧಿಕಾರ. ಚಂದ್ರಯ್ಯಗೌಡರ ಯಜಮಾನಿಕೆ, ಮೂರನೆಯ ಹೆಂಡತಿಯಾಗಿ ನೆಲ್ಲುಹಳ್ಳಿಯಿಂದ ಬಂದ ಸುಬ್ಬಮ್ಮ ಹೆಗ್ಗಡಿತಿಯಾಗುವ ಬಗೆ, ಮನೆ ಪಾಲಾಗಿ ಹೂವಯ್ಯ ಕೆಳಕಾನೂರಿಗೆ ನಡೆಯುವುದು, ಇವೆಲ್ಲ ಒಂದೇ ಸೂರಿನ ಒಡಕಿನ ಕಥೆ. ಪಾಲಿನ ಪ್ರಸಂಗವನ್ನು ವಿಮರ್ಶಕರು ಸಾಮಾನ್ಯವಾಗಿ ಹಳತು ಹೊಸತುಗಳ ಸಂಘರ್ಷವೆಂದು ಓದಿದ್ದಾರೆ. ಓದು ತಪ್ಪಲ್ಲ. ಆದರೆ ಪಾಲಾದ ಮೇಲೆ ಕಾದಂಬರಿ ಎಲ್ಲಿ ಉಸಿರಾಡುತ್ತದೆ ಎಂದು ನೋಡಿದರೆ, ಅದು ದೊಡ್ಡಮನೆಯಲ್ಲಲ್ಲ. ಲೇಖಕ ತನ್ನ ಆದರ್ಶದ ನಾಯಕನನ್ನು ಪಿತ್ರಾರ್ಜಿತ ವೈಭವದಿಂದ ಹೊರಗೆ ತಂದು ಕಿರಿದಾದ ಮನೆಯೊಂದರಲ್ಲಿ ಕೂರಿಸುತ್ತಾನೆ. ಹಿಂದೆ ಉಳಿದ ದೊಡ್ಡಮನೆಗೆ ಹೆಗ್ಗಡಿತಿಯ ದುರಂತವೇ ಪಾಲಿಗೆ ಬರುತ್ತದೆ. ಹಿರಿಯರ ಮನೆಯ ಬಗ್ಗೆ ಕುವೆಂಪು ಅವರಿಗೆ ಮೋಹವಿತ್ತು, ನಿಜ. 1980ರಲ್ಲಿ ಪ್ರಕಟವಾದ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಅದಕ್ಕೆ ಸಾಕ್ಷಿ. ಆದರೆ ಕಾದಂಬರಿಕಾರ ಕುವೆಂಪು ಆ ಮೋಹವನ್ನು ನಂಬಲಿಲ್ಲ.

ಮೂವತ್ತೊಂದು ವರ್ಷಗಳ ನಂತರ, 1967ರಲ್ಲಿ, ಈ ಅಪನಂಬಿಕೆ ಕಥನದ ರಚನೆಯನ್ನೇ ಬದಲಿಸಿತು. ‘ಮಲೆಗಳಲ್ಲಿ ಮದುಮಗಳು’ ಯಾವ ಮನೆಯ ಜಗಲಿಯಿಂದಲೂ ಆರಂಭವಾಗುವುದಿಲ್ಲ. ಅದು ಆರಂಭವಾಗುವುದು ದಾರಿಯಲ್ಲಿ. ಸಿಂಬಾವಿ ಭರಮೈಹೆಗ್ಗಡೆಯವರ ಆಳು ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆಯುತ್ತಾನೆ. ಅವನು ನಡೆದಂತೆ ಊರುಗಳೂ ಮನೆಗಳೂ ಒಂದೊಂದಾಗಿ ನಮಗೆ ಕಾಣುತ್ತವೆ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ: ಕಾದಂಬರಿಯಲ್ಲಿ ಹಿರಿಯರ ಮನೆಗಳಿಗೆ ಕೊರತೆಯಿಲ್ಲ. ಆದರೆ ಗುತ್ತಿ ಆ ಮನೆಗಳ ಅಂಗಳದವರೆಗೆ ಮಾತ್ರ ಹೋಗಬಲ್ಲವನು. ಒಳಗಿನ ಕೆತ್ತನೆಯ ಕಂಬಗಳು ಅವನಿಗೆ ಕಾಣುವುದು, ಕಂಡರೆ, ಹೆಬ್ಬಾಗಿಲ ಆಚೆಯಿಂದ. ಒಂದು ಸೀಮೆಯ ಮನೆತನಗಳ ಕಥೆಯನ್ನು ಆ ಮನೆಗಳ ಹೊಸ್ತಿಲು ದಾಟಲಾಗದವನ ಕಾಲಿಗೆ ಕಟ್ಟಿ ಕಳುಹಿಸಿದ್ದು ಕನ್ನಡ ಕಾದಂಬರಿಯ ಅತ್ಯಂತ ಧೀರ ನಿರ್ಧಾರಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ.

ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಪ್ರಸಂಗವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಅದು ಪ್ರಣಯದ ಕಥೆಯೇ ಹೌದು. ಜೊತೆಗೆ ಆಸ್ತಿಯ ಕಥೆಯೂ ಹೌದು. ತಿಮ್ಮಿ ಬೆಟ್ಟಳ್ಳಿಯ ಗೌಡರ ಕಡೆಯ ಆಳಿನ ಮಗಳು. ಅವಳು ಸಿಂಬಾವಿಗೆ ಹೋದರೆ ಬೆಟ್ಟಳ್ಳಿಗೆ ಒಂದು ಜೀವದ ದುಡಿಮೆ ನಷ್ಟ. ಪಾತ್ರೆ, ತೋಟ, ಗದ್ದೆಗಳಂತೆಯೇ ಹುಟ್ಟಾಳುಗಳೂ ಹಿರಿಯರಿಂದ ಬಂದ ಸೊತ್ತಿನ ಲೆಕ್ಕದಲ್ಲಿದ್ದರು ಎಂಬ ಸತ್ಯವನ್ನು ಕುವೆಂಪು ಘೋಷಣೆಯ ಧ್ವನಿಯಿಲ್ಲದೆ, ಒಂದು ಓಟದ ರಭಸದಲ್ಲಿ ಹೇಳಿಬಿಡುತ್ತಾರೆ. ಕಡೆಗೆ ಗುತ್ತಿ, ತಿಮ್ಮಿಯರಿಗೆ ಸೀಮೆಯನ್ನೇ ಬಿಡಬೇಕಾಗುತ್ತದೆ. ಉಕ್ಕಿದ ತುಂಗೆ ಹುಲಿಯನನ್ನು ಒಯ್ಯುತ್ತದೆ. ಆ ಜೋಡಿಗೆ ಪರಂಪರೆಯಾಗಿ ಉಳಿದದ್ದೇನಾದರೂ ಇದ್ದರೆ ಅದು ನಡೆದ ದಾರಿ. ಹೂವಳ್ಳಿಯ ಚಿನ್ನಮ್ಮನೂ ಮನೆ ಬಿಟ್ಟು ಕತ್ತಲಲ್ಲಿ ಕಾಡಿಗೆ ಹೊರಟವಳೇ ಎಂಬುದನ್ನು ಇದರೊಡನೆ ಇಟ್ಟು ನೋಡಿದರೆ, ಕಾದಂಬರಿಯಲ್ಲಿ ಮನೆಯಿಂದ ಹೊರಬೀಳುವುದೇ ಬದುಕುವ ಉಪಾಯವಾಗಿರುವುದು ಸ್ಪಷ್ಟವಾಗುತ್ತದೆ.

2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪದಲ್ಲಿ ಈ ಕೃತಿ ಇರುಳಿಡೀ ಬಯಲಿನಲ್ಲಿ ನಡೆದಾಗ, ಪ್ರೇಕ್ಷಕರೇ ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕಾಯಿತು. ಕೃತಿಯ ಸ್ವಭಾವವನ್ನು ಅನೇಕ ವಿಮರ್ಶಾ ಗ್ರಂಥಗಳಿಗಿಂತ ಆ ನಡಿಗೆಯೇ ಚೆನ್ನಾಗಿ ವಿವರಿಸಿತು.

ಹಾಗಾದರೆ ಕುಪ್ಪಳಿಯ ಮನೆ ಮತ್ತು ಕುವೆಂಪು ಅವರ ಕಾದಂಬರಿ ಒಂದೇ ವಸ್ತುವಿನ ಎರಡು ಮುಖಗಳಲ್ಲ. ಸಂಗ್ರಹಾಲಯ ನಮ್ಮನ್ನು ಒಳಗೆ ಕರೆಯುತ್ತದೆ, ಕಾದಂಬರಿ ನಮ್ಮನ್ನು ಹೊರಗೆ ನಿಲ್ಲಿಸುತ್ತದೆ. ತೊಟ್ಟಿಮನೆ ಉಳಿಯಿತು, ಗುತ್ತಿಯ ಬಿಡಾರ ಉಳಿಯುವಂಥದಾಗಿರಲಿಲ್ಲ. ಮಣ್ಣು, ಸೋಗೆ, ಬಿದಿರಿನಿಂದ ಕಟ್ಟಿದ್ದು ಎರಡು ಮಳೆಗಾಲಕ್ಕೆ ಕರಗುತ್ತದೆ. ಯಾವುದು ಗಟ್ಟಿಮರದಲ್ಲಿ ಕಟ್ಟಲ್ಪಟ್ಟಿತೋ ಅದೇ ‘ಪರಂಪರೆ’ ಎನಿಸಿಕೊಂಡಿತು. ಪರಂಪರೆಯ ಅಧ್ಯಯನಗಳಲ್ಲಿ ಈ ಪಕ್ಷಪಾತ ಮರದ ಗುಣದಿಂದಲೇ ನುಸುಳಿಬಿಟ್ಟಿದೆ.

ಈ ಮಾತನ್ನು ಕೈಲಾಂಚದ ಕಡೆಯಿಂದ ನೋಡಿದಾಗ ಇನ್ನಷ್ಟು ನಿಚ್ಚಳವಾಗುತ್ತದೆ. 2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುಹೆಸರು ಪಡೆದ ಜಿಲ್ಲೆಯ ಈ ಹೋಬಳಿಯೂ ಬೆಟ್ಟಸೀಮೆಯೇ. ಆದರೆ ಇಲ್ಲಿನ ಬೆಟ್ಟ ಬೇರೆ ಜಾತಿಯದು. ಹಸಿರಿನ ಹೊದಿಕೆಯಿಲ್ಲದೆ ನೆತ್ತಿ ಸುಡುವ ಬೋಳುಬಂಡೆ, ನಡುನಡುವೆ ಕುರುಚಲು, ತಪ್ಪಲಿನಲ್ಲಿ ರಾಗಿಹೊಲ, ಹಿಪ್ಪುನೇರಳೆ ತೋಟ. ಇಲ್ಲಿನ ಸಾಮಾನ್ಯ ರೈತನ ಹಳೆಯ ಮನೆ ಮಣ್ಣಿನ ಗೋಡೆ, ಕಲ್ಲಿನ ಕಂಬ, ನಾಡಹೆಂಚಿನದು. ರೇಷ್ಮೆ ಹುಳು ಸಾಕುವ ಮನೆಯಲ್ಲಂತೂ ಯಜಮಾನ ಮನುಷ್ಯನಲ್ಲ, ಹುಳು. ಹುಳು ನಾಲ್ಕನೆಯ ಜ್ವರ ಎದ್ದು ಸೊಪ್ಪಿಗೆ ಬಿದ್ದ ದಿನಗಳಲ್ಲಿ ಮನೆಯವರು ಜಗಲಿಗೆ ಬರುತ್ತಾರೆ. ನಡುಮನೆ ತಟ್ಟೆಗಳ ಪಾಲು. ಹಣ್ಣಾದ ಹುಳು ಚಂದ್ರಂಕಿ ಏರುವವರೆಗೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಇಂಥ ಮನೆಯನ್ನು ಸಂಗ್ರಹಾಲಯ ಮಾಡಿ ತೋರಿಸಲು ಏನಿದೆ? ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಗೋಡೆಗೆ ಸುಣ್ಣ ಬಳಿದು ಮುಂದಿನ ಬೆಳೆಗೆ ಕಾಯುವ ಮನೆ ಅದು. ಕುಪ್ಪಳಿಗೆ ಒದಗಿದಂಥ ಕೃತಿಯೊಂದು ಈ ಮನೆಗೆ ಒದಗಲಿಲ್ಲ.

ಹಾಗೆಂದು ಇಲ್ಲಿ ವಂಶದ ನೆನಪಿಲ್ಲವೆಂದಲ್ಲ. ಅದು ಇರುವ ಜಾಗ ಬೇರೆ. ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟವನ್ನು ಗಮನಿಸಬಹುದು. ಬೆಟ್ಟದಲ್ಲಿ ಭೀಮೇಶ್ವರ, ರೇಣುಕಾಂಬೆ, ಮೇಲೆ ರೇವಣಸಿದ್ಧೇಶ್ವರ. ಈ ದೇವರಿಗೆ ‘ನಾವು ಒಕ್ಕಲು’ ಎನ್ನುವ ಕುಟುಂಬಗಳಿವೆ. ‘ಒಕ್ಕಲು’ ಎಂಬುದು ವಿಲಕ್ಷಣವಾದ ಪದ. ಅದಕ್ಕೆ ಮನೆವಾಳ್ತೆಯ ಕುಟುಂಬ ಎಂಬ ಅರ್ಥವಿದೆ, ಬೇರೊಬ್ಬರ ಭೂಮಿ ಗೇಯುವ ಗೇಣಿದಾರ ಎಂಬ ಅರ್ಥವಿದೆ, ಒಂದು ದೇವರಿಗೋ ಮಠಕ್ಕೋ ನಡೆದುಕೊಳ್ಳುವ ಮನೆತನ ಎಂಬ ಅರ್ಥವೂ ಇದೆ. ವಾಸ, ದುಡಿಮೆ, ಭಕ್ತಿ ಮೂರೂ ಒಂದೇ ಪದದಲ್ಲಿ ಬೆಸೆದುಕೊಂಡಿವೆ. ತೊಟ್ಟಿಮನೆಯ ಪರಂಪರೆ ಒಡೆತನದಿಂದ ಹುಟ್ಟಿದ್ದು. ಒಕ್ಕಲಿನ ಪರಂಪರೆಗೆ ಒಡೆತನ ಬೇಕಿಲ್ಲ. ಮನೆ ಬಿದ್ದರೂ, ಹೊಲ ಮಾರಿದರೂ, ಮಕ್ಕಳು ಬೆಂಗಳೂರಿನ ಬಾಡಿಗೆಮನೆಗೆ ಹೋದರೂ ಒಕ್ಕಲುತನ ತಪ್ಪುವುದಿಲ್ಲ. ಮಗುವಿನ ಮುಡಿ ಕೊಡಲು ಅವರು ಮತ್ತೆ ಆ ಮೆಟ್ಟಿಲು ಹತ್ತುತ್ತಾರೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಒಕ್ಕಲುಗಳ ದೈವ ಸ್ವತಃ ನೆಲೆ ನಿಲ್ಲದವನು. ಹದಿಮೂರನೆಯ ಶತಮಾನದ ಹರಿಹರ ರೇವಣಸಿದ್ಧನ ಮೇಲೆ ರಗಳೆಯನ್ನೇ ಬರೆದ. ಅಲ್ಲಿ ಅವನು ಊರಿಂದೂರಿಗೆ ಸಾಗುವ ಸಿದ್ಧ. ವೀರಶೈವರು ಅವನನ್ನು ಆಚಾರ್ಯನೆಂದು ಕೊಂಡಾಡಿದರೆ ಹಾಲುಮತದವರು ತಮ್ಮ ಗುರುವೆನ್ನುತ್ತಾರೆ. ರಕ್ತದ ವಂಶಕ್ಕಿಂತ ಶಿಷ್ಯವಂಶ ಇಲ್ಲಿ ದೊಡ್ಡದು. ಅಲೆಮಾರಿಯೊಬ್ಬನಿಗೆ ನೆಲೆನಿಂತವರು ಒಕ್ಕಲಾಗುವ ಈ ವಿಪರ್ಯಾಸವನ್ನು ನಾಯಿಗುತ್ತಿಯ ನಡಿಗೆಯ ಪಕ್ಕದಲ್ಲಿ ಇಟ್ಟು ನೋಡಬೇಕೆನಿಸುತ್ತದೆ. ಇಬ್ಬರೂ ಬೆಟ್ಟದೂರುಗಳನ್ನು ಕಾಲಿನಿಂದ ಪೋಣಿಸಿದವರು. ಒಬ್ಬನಿಗೆ ಗುಡಿಯಾಯಿತು.

ರಾಮನಗರದ ಬೆಟ್ಟಗಳಲ್ಲಿ ಎರಡು ಬಗೆಯ ‘ಊರು’ಗಳು ಪ್ರಸಿದ್ಧವಾಗಿರುವುದನ್ನೂ ಇಲ್ಲಿ ಹೇಳಬೇಕು. ಒಂದು, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ರಾಮದೇವರ ಬೆಟ್ಟದ ಬುಡದಲ್ಲಿ ಕಟ್ಟಿದ ರಾಮಗಢ. ದೇಶದ ಜನಕ್ಕೆ ಈ ಬಂಡೆಗಳ ಪರಿಚಯವಾದದ್ದು ಆ ಊರಿನಿಂದಲೇ. ಅದರಲ್ಲಿ ಒಂದು ಠಾಕೂರರ ಮನೆ, ಅಳಿದುಹೋದ ಒಂದು ಮನೆತನ ಎಲ್ಲವೂ ಇತ್ತು, ಪೂರ್ವಿಕರು ಮಾತ್ರ ಇರಲಿಲ್ಲ. ಇನ್ನೊಂದು, ಎಚ್.ಎಲ್. ನಾಗೇಗೌಡರು 1994ರಲ್ಲಿ ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಕಟ್ಟಿ ನಿಲ್ಲಿಸಿದ ಜಾನಪದ ಲೋಕ. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಒರಳು, ಬೀಸುಕಲ್ಲು, ಒನಕೆ, ಮಡಕೆಗಳು ಸಾಲಾಗಿ ಕೂತಿವೆ. ಕವಿಮನೆಯ ವಸ್ತುಗಳಿಗೆ ಒಂದು ಮನೆತನದ ಹೆಸರಿದೆ; ಈ ವಸ್ತುಗಳಿಗೆ ಇಲ್ಲ. ಯಾರ ಕೈ ಸವೆಸಿದ ಗೂಟವೋ ಹೇಳುವವರಿಲ್ಲ. ಆದರೂ ಗುತ್ತಿಯ, ತಿಮ್ಮಿಯ ಬಿಡಾರದಲ್ಲಿ ಇದ್ದಿರಬಹುದಾದ ಸಾಮಾನನ್ನು ನೋಡಬೇಕಾದರೆ ಕುಪ್ಪಳಿಗಿಂತ ಇಲ್ಲಿಗೇ ಬರಬೇಕಾದೀತು. ನಾಗೇಗೌಡರ ಸಂಗ್ರಹಬುದ್ಧಿಯನ್ನು ಬರಿಯ ಹಳಹಳಿಕೆಯೆಂದು ತಳ್ಳಿಹಾಕುವವರು ಇದನ್ನು ಯೋಚಿಸಿದಂತಿಲ್ಲ.

ಹೆಸರಿಲ್ಲದ ವಸ್ತುವಿಗೆ ಮಾತು ಕೊಡುವ ಕೆಲಸವನ್ನು ಸಾಹಿತ್ಯ ಮಾಡಬಲ್ಲದು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ (1988) ಇರುಳಿನ ಹೊತ್ತು ಮನೆಮನೆಯ ಜೋತಮ್ಮಗಳು ಒಂದೆಡೆ ಸೇರಿ ತಮ್ಮ ಮನೆಗಳ ಸುಖದುಃಖ ಆಡಿಕೊಳ್ಳುತ್ತವೆ. ಅಲ್ಲಿ ದೀಪಕ್ಕೆ ಮನೆಯ ಗಾತ್ರದ ಹಂಗಿಲ್ಲ. ತೊಟ್ಟಿಮನೆಯ ಮಾದರಿಯಿಂದ ಕನ್ನಡ ಕಥನ ಬಿಡಿಸಿಕೊಂಡ ಬಗೆಯನ್ನು ತಿಳಿಯಲು ಈ ಪುಟ್ಟ ಕೃತಿ ಬಹಳ ಸಹಾಯಕ.

ಇನ್ನು ‘ವಂಶವೃಕ್ಷ’. ಎಸ್.ಎಲ್. ಭೈರಪ್ಪನವರ 1965ರ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಯರು ಹಳೆಯ ಕಾಗದಪತ್ರಗಳ ನಡುವೆ ತಮ್ಮ ಹುಟ್ಟಿನ ಗುಟ್ಟನ್ನು ಕಾಣುತ್ತಾರೆ; ಜೀವಮಾನವಿಡೀ ನಂಬಿದ ವಂಶ ತಮ್ಮದಲ್ಲವೆಂದು ತಿಳಿಯುತ್ತದೆ. ಆ ಪದ ಇಂದು ಹೋಬಳಿಯ ನಾಡಕಚೇರಿಯಲ್ಲಿ ದಿನಬಳಕೆಯದು. ಪೌತಿಖಾತೆಗೆ, ಪಾಲುಪತ್ರಕ್ಕೆ ವಂಶವೃಕ್ಷ ಬೇಕು. ಬಿಡದಿ, ರಾಮನಗರದ ಸುತ್ತ ಭೂಮಿಯ ಬೆಲೆ ಏರಿದಂತೆ ಈ ಮರಕ್ಕೆ ಬಂದಿರುವ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂದು ಬದಲಾವಣೆ ಮಾತ್ರ ಉಲ್ಲೇಖನೀಯ. ಕರ್ನಾಟಕದ 1994ರ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೂ, ಕೇಂದ್ರದ 2005ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟವು. ಮನೆ ಬಿಟ್ಟುಹೋದ ಮದುಮಗಳು ಕಾಗದದಲ್ಲಾದರೂ ಮರಕ್ಕೆ ಮರಳಿದಳು. ಹಲವು ಮನೆಗಳಲ್ಲಿ ಅವಳಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಳ್ಳುವುದೂ ಅಷ್ಟೇ ಬೇಗ ರೂಢಿಗೆ ಬಂತು.

ಒಕ್ಕಲು ಎಂಬ ಪದದಿಂದಲೇ ‘ಒಕ್ಕಲೆಬ್ಬಿಸು’ ಬಂದಿದೆ. ಬೆಟ್ಟ ಕಲ್ಲುಗಣಿಯಾದಾಗ, ತಪ್ಪಲು ನಿವೇಶನವಾದಾಗ ಹಿಪ್ಪುನೇರಳೆ ತೋಟದ ಮನೆಯೊಂದು ಕೆಳಗಿಳಿಯುತ್ತದೆ. ಕಲ್ಲಿನ ಕಂಬಗಳನ್ನು ಹಳೆಸಾಮಾನಿನವರು ಕೊಳ್ಳುತ್ತಾರೆ. ಅವು ನಗರದ ಯಾವುದೋ ವಿಹಾರಧಾಮದ ಅಂಗಳದಲ್ಲಿ ಹಳ್ಳಿಯ ಸೊಗಡಿಗೆಂದು ಮತ್ತೆ ನಿಲ್ಲುತ್ತವೆ. ಆ ಮನೆಯವರು ಮುಂದಿನ ಜಾತ್ರೆಗೆ ರೇವಣಸಿದ್ಧೇಶ್ವರನ ಮೆಟ್ಟಿಲು ಹತ್ತುವಾಗ, ಯಾವ ಊರಿನ ಒಕ್ಕಲು ಎಂದು ಕೇಳಿದವರಿಗೆ ಇಲ್ಲದ ಊರಿನ ಹೆಸರನ್ನೇ ಹೇಳುತ್ತಾರೆ.