ಗಡ್ಡದೊಳಗಿನ ಹುಡುಗಿ

2017ರ ‘ಜುಮಾಂಜಿ: ವೆಲ್ಕಮ್ ಟು ದ ಜಂಗಲ್’ನಲ್ಲಿ ನಾಲ್ವರು ಹೈಸ್ಕೂಲ್ ಮಕ್ಕಳು ಹಳೇ ವಿಡಿಯೋ ಗೇಮಿನೊಳಗೆ ಬಿದ್ದು, ತಾವು ಆರಿಸಿದ ಪಾತ್ರಗಳ ಮೈಯಲ್ಲಿ ಕಣ್ಣು ಬಿಡುತ್ತಾರೆ. ಅಂಜುಬುರುಕ ಸ್ಪೆನ್ಸರ್‌ಗೆ ಡ್ವೇನ್ ಜಾನ್ಸನ್ನರ ಕಟ್ಟುಮಸ್ತು ದೇಹ ಸಿಕ್ಕಿದ್ದು ನಗಿಸುತ್ತದೆ, ನಿಜ. ಆದರೆ ನಾನು ಮನಸೋತದ್ದು ಜಾಕ್ ಬ್ಲ್ಯಾಕ್‌ಗೆ. ಸೆಲ್ಫಿಯೇ ಸರ್ವಸ್ವವಾಗಿದ್ದ ಬೆಥನಿ ಅವರ ದಢೂತಿ ಮೈಯೊಳಗೆ ಸಿಕ್ಕಿಕೊಂಡಿದ್ದಾಳೆ. ಸಂಕೋಚದ ಮಾರ್ತಾಗೆ ಗಂಡಸರ ಗಮನ ಸೆಳೆಯುವ ಪಾಠ ಹೇಳುವ ದೃಶ್ಯ ನೋಡಬೇಕು: ಆ ಗಡ್ಡ, ಕನ್ನಡಕದ ಮುಖದಲ್ಲೇ ಹದಿಹರೆಯದ ಬಿಂಕವೆಲ್ಲ ಮೂಡುತ್ತದೆ. ಬ್ಲ್ಯಾಕ್ ಹುಡುಗಿಯನ್ನು ಅಣಕಿಸುವುದಿಲ್ಲ; ಅವಳೇ ಆಗಿಬಿಡುತ್ತಾರೆ. ಹಾಗಾಗಿಯೇ, ಗೇಮಿನೊಳಗೇ ಪರಿಚಯವಾಗಿ ಈಗ ಸಾಯುತ್ತಿರುವ ಅಲೆಕ್ಸ್‌ಗೆ ಬೆಥನಿ ಬಾಯಿಂದ ಉಸಿರೂದಿ, ಆಟದಲ್ಲಿ ತನಗುಳಿದ ಎರಡು ಜೀವಗಳಲ್ಲಿ ಒಂದನ್ನು ಕೊಟ್ಟುಬಿಟ್ಟಾಗ ನಗುತ್ತಿದ್ದವರ ಗಂಟಲು ಕಟ್ಟುತ್ತದೆ.