134 ಕಂಟೇನರ್‌ಗಳ ‘ಭಾರತಿ’

ಹೈದರಾಬಾದಿನ ಕೋಠಿಯ ಬಸ್ ಗದ್ದಲ ಬಿಟ್ಟು ದಕ್ಷಿಣಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಶಾದ್‌ನಗರ. ಅಲ್ಲಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರಕ್ಕೆ ಬಂದಿಳಿಯುವ ಉಪಗ್ರಹ ಚಿತ್ರಗಳಲ್ಲಿ ಒಂದು ಪಾಲು ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆ ‘ಭಾರತಿ’ಯಿಂದ ಹೊರಟದ್ದು.

ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹ ಹೈದರಾಬಾದಿನ ಕಣ್ಣಿಗೆ ಬೀಳುವುದು ದಿನಕ್ಕೆ ಕೆಲವೇ ಸಲ. ಭಾರತಿಗಾದರೋ ಬಹುತೇಕ ಸುತ್ತುಗಳಲ್ಲೂ ಸಿಗುತ್ತದೆ. ಅದಕ್ಕೆಂದೇ 2013ರಲ್ಲಿ ಇಸ್ರೊ ಅಲ್ಲಿ ಆಂಟೆನಾ ನಿಲ್ಲಿಸಿತು. ಹಿಮಗಾಳಿ ತಾಗದಂತೆ ಅದರ ಮೇಲೊಂದು ಗುಂಡನೆಯ ಬಿಳಿ ಕವಚ.

2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಸಿದ್ಧವಾದ ಈ ನೆಲೆಯ ಜಾಣ್ಮೆಯೆಲ್ಲ ಅದರ ಕಟ್ಟೋಣದಲ್ಲಿದೆ. ಹಡಗಿನಲ್ಲಿ ಬಂದ 134 ಕಂಟೇನರ್‌ಗಳೇ ಕೋಣೆಗಳಾದವು. ಇಡೀ ಕಟ್ಟಡ ಕಂಬಗಳ ಮೇಲೆ ನಿಂತಿರುವುದರಿಂದ ಗಾಳಿ ಅಡಿಯಲ್ಲಿ ನುಗ್ಗಿ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ. ಭಾರತದ ಮೊದಲ ನೆಲೆ ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತುಹೋಗಿ, ಅದನ್ನು ಕೈಬಿಡಬೇಕಾಗಿ ಬಂದಿತ್ತು.

ಜನರೇಟರಿನ ಬಿಸಿ ಪೋಲಾಗುವುದಿಲ್ಲ, ಕೋಣೆಗಳನ್ನು ಬೆಚ್ಚಗಿಡುತ್ತದೆ. ಸಮುದ್ರದ ನೀರೇ ಉಪ್ಪು ಕಳೆದುಕೊಂಡು ನಲ್ಲಿಗೆ ಬರುತ್ತದೆ. ಬೇಸಿಗೆಯ ಹಡಗು ಇಂಧನ, ದಿನಸಿ ಇಳಿಸಿ ಕಸ ತುಂಬಿಕೊಂಡು ಮರಳುತ್ತದೆ.

ಮುಂದಿನ ಹಡಗು ಬರುವವರೆಗೆ ಪಂಪು ಕೆಟ್ಟರೂ ಹಲ್ಲು ನೋವು ಬಂದರೂ ಚಳಿಗಾಲ ಕಳೆಯಲು ಉಳಿದ ಸಣ್ಣ ತಂಡವೇ ನೋಡಿಕೊಳ್ಳಬೇಕು.